ಅರ್ಧ ಬೆಲೆಯ ಡಿಸ್ಕು, ಅರವತ್ತೊಂದು ಗಂಟೆಯ ದನಿ

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಾಗ ಆ ಸದ್ದು ಕೇಳಿಸಿತು. ಟಿಕ್, ಟಿಕ್, ಸ್ವಲ್ಪ ಬಿಡುವು, ಮತ್ತೆ ಟಿಕ್. ಗಡಿಯಾರ ಇರಬೇಕೆಂದುಕೊಂಡೆ. ಆದರೆ ಧ್ವನಿಮುದ್ರಣದ ಕೋಣೆಯಲ್ಲಿ ನಾವು ಗಡಿಯಾರ ಇಡುವುದಿಲ್ಲ. ಸದ್ದು ಬರುತ್ತಿದ್ದದ್ದು ಕಂಪ್ಯೂಟರಿನ ಪಕ್ಕದ ಕಪ್ಪು ಪೆಟ್ಟಿಗೆಯಿಂದ, ನಮ್ಮ ಎಲ್ಲ ಧ್ವನಿ ಪುಸ್ತಕಗಳನ್ನು ಇಟ್ಟಿದ್ದ ಹಾರ್ಡ್ ಡಿಸ್ಕಿನಿಂದ. ಅಂದು ಮಂಗಳವಾರ.

ಎನ್.ಆರ್. ಕಾಲೋನಿಯ ಒಂದು ಹಳೇ ಮನೆಯ ಮಹಡಿಯಲ್ಲಿ ನಮ್ಮ ಸಂಸ್ಥೆ ಇದೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿ, ಧ್ವನಿಮುದ್ರಿಸಿ, ತಿದ್ದಿ, ಮೆಮೊರಿ ಕಾರ್ಡಿಗೆ ಹಾಕಿ ಕೊಡುವುದು ಕೆಲಸ. ಓದುವವರೆಲ್ಲ ಸಂಬಳ ತೆಗೆದುಕೊಳ್ಳದ ಸ್ವಯಂಸೇವಕರು. ಗಾಜಿನ ಈಚೆ ಕೂತು ಅವರ ದನಿ ಹಿಡಿಯುವವಳು, ಆಮೇಲೆ ಕೆಮ್ಮು, ತೊದಲು, ಬೀದಿಯ ಹಾರ್ನ್‌ಗಳನ್ನು ಕತ್ತರಿಸಿ ತೆಗೆಯುವವಳು ನಾನೊಬ್ಬಳೇ. ದನಿಯ ವಿಷಯ ನನಗೆ ಗೊತ್ತು. ಡಿಸ್ಕಿನ ವಿಷಯ ಗೊತ್ತು ಎಂದು ಆ ಮಂಗಳವಾರದವರೆಗೂ ಅಂದುಕೊಂಡಿದ್ದೆ.

ಮೊದಲು ಎರಡು ಡಿಸ್ಕುಗಳಿದ್ದವು, ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲಿ. ಹಿಂದಿನ ವರ್ಷ ಒಂದು ಕೆಟ್ಟಿತು. ಬದಲಿ ಬೇಕೆಂದು ಮೂರು ಸಲ ಕೇಳಿದೆ. ಮೂರು ಸಲವೂ ಸಮಿತಿಯಲ್ಲಿ ಮುಂದಿನ ಸಭೆಗೆ ಹೋಯಿತು. ಇಂಟರ್ನೆಟ್ಟಿನಲ್ಲಿ ಜಾಗ ಬಾಡಿಗೆಗೆ ತೆಗೆದುಕೊಳ್ಳೋಣವೆಂದರೆ ಪ್ರತಿ ತಿಂಗಳ ಖರ್ಚು ಎಂದರು. ನಾನೂ ನಿಧಾನವಾಗಿ ಕೇಳುವುದನ್ನು ಬಿಟ್ಟೆ. ಉಳಿದ ಡಿಸ್ಕು ಓಡುತ್ತಿತ್ತಲ್ಲ.

ಡಿಸ್ಕಿನ ಆರೋಗ್ಯ ತೋರಿಸುವ ಒಂದು ಸಣ್ಣ ತಂತ್ರಾಂಶವಿದೆ. ಅದನ್ನು ತೆರೆದೆ. ಓದಲಾಗದ ತುಣುಕುಗಳು ಹದಿನಾರು ಎಂದು ಹಳದಿ ಬಣ್ಣದಲ್ಲಿ ಬಂತು. ಹದಿನಾರು ದೊಡ್ಡ ಸಂಖ್ಯೆಯಲ್ಲ. ಆದರೆ ಅದು ಸೊನ್ನೆಯಾಗಿರಬೇಕು.

ಹಳೆಯ ಪುಸ್ತಕಗಳ ಬಗ್ಗೆ ಅಷ್ಟು ಚಿಂತೆ ಇರಲಿಲ್ಲ. ಅವು ಎಂದೋ ವಿದ್ಯಾರ್ಥಿಗಳ ಕೈ ಸೇರಿವೆ. ದನಿ ಸ್ವಲ್ಪ ಒರಟಾದರೂ ಯಾರದೋ ಫೋನಿನಲ್ಲಿ ಬದುಕಿರುತ್ತವೆ. ಆದರೆ ಹನ್ನೆರಡು ಪುಸ್ತಕಗಳು ಇನ್ನೂ ತಿದ್ದುವ ಹಂತದಲ್ಲಿದ್ದವು, ಯಾರಿಗೂ ಕೊಟ್ಟಿರಲಿಲ್ಲ. ಅವು ಇದ್ದದ್ದು ಈ ಪೆಟ್ಟಿಗೆಯಲ್ಲಿ ಮಾತ್ರ. ಅವುಗಳಲ್ಲೊಂದು ಎರಡನೇ ಪಿಯುಸಿಯ ಸಂಖ್ಯಾಶಾಸ್ತ್ರ.

ಅದನ್ನು ಓದಿದವರು ಚಾಮರಾಜಪೇಟೆಯ ಒಬ್ಬ ನಿವೃತ್ತ ಗಣಿತ ಉಪನ್ಯಾಸಕಿ. ನಾವೆಲ್ಲ ಅವರನ್ನು ಮಿಸ್ ಎಂದೇ ಕರೆಯುತ್ತೇವೆ. ಕಾದಂಬರಿ ಓದಲು ಬೇಕಾದಷ್ಟು ಜನ ಸಿಗುತ್ತಾರೆ. ಒಂದು ನಕ್ಷೆಯನ್ನು, ಒಂದು ಕೋಷ್ಟಕವನ್ನು ನೋಡದವರ ಮನಸ್ಸಿನಲ್ಲಿ ನಿಲ್ಲುವಂತೆ ಹೇಳಲು ಬರುವವರು ಸಿಗುವುದಿಲ್ಲ. ಮಿಸ್ ಹದಿನಾಲ್ಕು ತಿಂಗಳು, ವಾರಕ್ಕೆರಡು ದಿನ, ಬಸ್ಸು ಹಿಡಿದು ಬಂದು ಓದಿದರು. ಪ್ರತಿ ನಕ್ಷೆಯ ವಿವರಣೆಯನ್ನೂ ಮನೆಯಲ್ಲಿ ಬರೆದು ತರುತ್ತಿದ್ದರು. ಒಟ್ಟು ಅರವತ್ತೊಂದು ಗಂಟೆ. ಮುಗಿದ ಎರಡು ತಿಂಗಳಿಗೆ ಅವರ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಈಗ ಮಾತು ಬರುವುದಿಲ್ಲ. ಕೈಚೀಲದಲ್ಲೊಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಬರೆದು ತೋರಿಸುತ್ತಾರೆ.

ಆ ಪುಸ್ತಕಕ್ಕಾಗಿ ಕಾಯುತ್ತಿದ್ದವಳು ಮತ್ತಿಕೆರೆಯ ಪಿಜಿಯೊಂದರಲ್ಲಿದ್ದ ಹುಡುಗಿ. ಕಣ್ಣು ಕಾಣದವಳಿಗೆ ಸಂಖ್ಯಾಶಾಸ್ತ್ರ ಯಾಕೆ, ಬೇರೆ ವಿಷಯ ತಗೋ ಎಂದು ಕಾಲೇಜಿನಲ್ಲಿ ಹೇಳಿದ್ದರಂತೆ. ಹಟ ಮಾಡಿ ತೆಗೆದುಕೊಂಡಿದ್ದಳು. ಮಂಗಳವಾರವೇ ಮಧ್ಯಾಹ್ನ ಅವಳ ಫೋನ್ ಬಂತು.

“ಅಕ್ಕಾ, ಸ್ಟ್ಯಾಟಿಸ್ಟಿಕ್ಸ್ ಯಾವಾಗ ಸಿಗತ್ತೆ? ಇನ್ನು ಮೂರೇ ವಾರ ಇದೆ ಎಕ್ಸಾಮ್‌ಗೆ.”

“ಮುಂದಿನ ವಾರ ಕೊಡ್ತೀನಮ್ಮ.”

“ಹೋದ ತಿಂಗಳೂ ಹಂಗೇ ಅಂದ್ರಿ ಅಕ್ಕಾ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ನೆನಪಿಸಿದಳು ಅಷ್ಟೆ. ಟಿಕ್ ಸದ್ದು ನಡೆದೇ ಇತ್ತು.

ಈಗ ಹೇಳಲು ನಾಚಿಕೆ. ಅಂದೇ ಕೆಳಗಿನ ಬೀದಿಗೆ ಹೋಗಿ, ದೊಡ್ಡದೊಂದು ಪೆನ್ ಡ್ರೈವ್ ತಂದು, ಆ ಒಂದು ಪುಸ್ತಕವನ್ನು ಹಾಕಿಟ್ಟುಕೊಳ್ಳಬಹುದಿತ್ತು. ನನಗೆ ಹೊಳೆಯಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಎಲ್ಲ ಸಾಮಾನನ್ನೂ ಒಟ್ಟಿಗೇ ಹೊರಗೆ ತರಬೇಕೆಂದು ಬಾಗಿಲಲ್ಲೇ ನಿಂತವರ ಹಾಗೆ ನಾನು ಇಡೀ ಡಿಸ್ಕಿಗೆ ಸಾಲುವಂಥ ಹೊಸ ಡಿಸ್ಕಿನ ದಾರಿ ಕಾದೆ.

ನಮ್ಮ ಖಜಾಂಚಿಗಳು ನಿವೃತ್ತ ಬ್ಯಾಂಕ್ ಅಧಿಕಾರಿ. ಸಂಸ್ಥೆಯ ಒಂದು ಕಾಗದವನ್ನೂ ಒಂದೇ ಬದಿ ಬಳಸಿ ಎಸೆಯುವವರಲ್ಲ. ಬುಧವಾರ ಅವರ ಮುಂದೆ ನಿಂತು, ಡಿಸ್ಕು ಸಾಯುತ್ತಿದೆ, ಇಂದೇ ಎರಡು ಬೇಕು ಎಂದೆ. ಈ ಸಲ ಅವರು ಸಭೆಯ ಮಾತೆತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ಎರಡು ಹೊಸ ಪೆಟ್ಟಿಗೆಗಳನ್ನು ತಾವೇ ಹೊತ್ತು ಮಹಡಿ ಹತ್ತಿ ಬಂದರು. ಮುಖದಲ್ಲಿ ಸಂತೋಷ.

“ನೋಡಿಮ್ಮಾ, ಅಂಗಡೀಲಿ ಒಂದಕ್ಕೆ ಹೇಳ್ತಿರೋ ಬೆಲೆಗೆ ಎರಡು ಬಂತು. ಜಾಗಾನೂ ನೀವು ಕೇಳಿದ್ದಕ್ಕಿಂತ ಡಬಲ್. ಆನ್‌ಲೈನ್‌ನಲ್ಲಿ ಎಷ್ಟೋ ಹುಡುಕಿದೆ.”

“ಯಾವ ಕಂಪನಿದು ಸರ್?”

“ಹೆಸರಿಗೆ ಯಾಕೆ ದುಡ್ಡು ಕೊಡಬೇಕು? ಒಳಗಿರೋದೆಲ್ಲ ಒಂದೇ ಅಂತೆ. ಒಂದು ವರ್ಷ ವಾರಂಟಿನೂ ಇದೆ.”

ಪೆಟ್ಟಿಗೆ ಹೊಳೆಯುತ್ತಿತ್ತು. ಮೇಲೆ ಅಚ್ಚಾಗಿದ್ದ ಕಂಪನಿಯ ಹೆಸರನ್ನು ನಾನು ಎಲ್ಲೂ ಕೇಳಿರಲಿಲ್ಲ. ಅಕ್ಷರಗಳ ಅಂಚು ಸ್ವಲ್ಪ ಮಸುಕು. ಕೈಯಲ್ಲಿ ಹಿಡಿದಾಗ ಏನೋ ಸರಿಯಿಲ್ಲ ಅನಿಸಿತು. ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶದಲ್ಲಿ ನೋಡೋಣವೆಂದರೆ, ಆ ಪೆಟ್ಟಿಗೆ ಒಳಗಿನ ಡಿಸ್ಕಿನ ಮಾಹಿತಿಯನ್ನೇ ಹೊರಗೆ ಬಿಡುತ್ತಿರಲಿಲ್ಲ. ‘ಮಾಹಿತಿ ಲಭ್ಯವಿಲ್ಲ’ ಎಂದು ಬಂತು. ಬೇಡ ಸರ್, ವಾಪಸ್ ಮಾಡಿ ಎನ್ನಬಹುದಿತ್ತು. ಎನ್ನಲಿಲ್ಲ. ವರ್ಷವಿಡೀ ಕೇಳಿ ಸಿಗದ್ದು ಈಗ ಎರಡೆರಡು ಕೈಗೆ ಬಂದಿದೆ. ಬೇಡವೆಂದರೆ ಮತ್ತೆ ಎಷ್ಟು ದಿನವೋ. ಅದಕ್ಕಿಂತ ಹೆಚ್ಚಾಗಿ, ಎರಡು ಎನ್ನುವ ಸಂಖ್ಯೆಯೇ ನನಗೆ ಧೈರ್ಯ ಕೊಟ್ಟುಬಿಟ್ಟಿತ್ತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಪಿ ಶುರು ಮಾಡಿದೆ. ಹಳೇ ಡಿಸ್ಕಿನಿಂದ ಒಂದೊಂದು ಫೈಲನ್ನೂ ಓದಿ, ಅದರ ಗುರುತಿಗೆ ಒಂದು ಉದ್ದ ಸಂಖ್ಯೆ ಲೆಕ್ಕ ಹಾಕಿ, ಹೊಸದರಲ್ಲಿ ಬರೆದು, ಬರೆದದ್ದನ್ನು ಮತ್ತೆ ಓದಿ ಆ ಸಂಖ್ಯೆ ಹೊಂದುತ್ತದೆಯೇ ಎಂದು ನೋಡುವ ತಂತ್ರಾಂಶ ಅದು. ಒಂದಕ್ಷರ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಇಡೀ ಡಿಸ್ಕನ್ನು ಆರಿಸಿ ಗುಂಡಿ ಒತ್ತಿದೆ. ನಮ್ಮ ಪುಸ್ತಕಗಳಿಗೆ ಕ್ರಮಸಂಖ್ಯೆಗಳಿವೆ. ಹಾಗಾಗಿ ಕಾಪಿ ಒಂದನೇ ಪುಸ್ತಕದಿಂದ ಹೊರಟಿತು. ಹತ್ತು ವರ್ಷ ಹಿಂದಿನವು, ಎಲ್ಲರ ಬಳಿಯೂ ಇರುವವು. ಸಂಖ್ಯಾಶಾಸ್ತ್ರ ಕೊನೆಯ ಹನ್ನೆರಡರಲ್ಲಿತ್ತು. ಅದು ನನಗೆ ತಟ್ಟಿದ್ದು ಬಹಳ ಹೊತ್ತಿನ ನಂತರ.

ಹನ್ನೊಂದೂವರೆಗೆ ಮೊದಲ ಕೆಂಪು ಸಾಲು ಬಂತು: ಸಂಖ್ಯೆ ಹೊಂದುತ್ತಿಲ್ಲ. ಹಳೇ ಡಿಸ್ಕು ಸರಿಯಾಗಿ ಓದಿರಲಿಕ್ಕಿಲ್ಲ ಎಂದುಕೊಂಡೆ. ಅದೇ ಫೈಲನ್ನು ಮತ್ತೆ ಓದಿಸಿದೆ. ಹಳೇ ಡಿಸ್ಕು ಎರಡು ಸಲವೂ ಒಂದೇ ಸಂಖ್ಯೆ ಕೊಟ್ಟಿತು. ಹೊಸದು ಎರಡು ಸಲವೂ ಬೇರೆಬೇರೆ ಕೊಟ್ಟಿತು. ಸಾಯುತ್ತಿರುವ ಡಿಸ್ಕು ನಿಜ ಹೇಳುತ್ತಿತ್ತು, ಹೊಳೆಯುವ ಡಿಸ್ಕು ಸುಳ್ಳು. ಹೊಸದರ ಮೇಲೆ ಕೈಯಿಟ್ಟೆ, ಇಡ್ಲಿ ಪಾತ್ರೆಯಷ್ಟು ಬಿಸಿ. ಹನ್ನೆರಡೂವರೆಗೆ ಕೆಂಪು ಸಾಲುಗಳು ಒಂದರ ಹಿಂದೊಂದು ಬರತೊಡಗಿದವು. ಒಂದು ಗಂಟೆಗೆ ಹೊಸ ಡಿಸ್ಕು ಕಂಪ್ಯೂಟರಿನಿಂದಲೇ ಮಾಯವಾಯಿತು. ತಂತಿ ಬದಲಿಸಿದೆ, ಬೇರೆ ಜಾಗಕ್ಕೆ ಚುಚ್ಚಿದೆ. ಬರಲಿಲ್ಲ.

ಹಳೆಯದರ ಆರೋಗ್ಯ ನೋಡಿದೆ. ಹದಿನಾರು ಇದ್ದದ್ದು ಇನ್ನೂರ ಹನ್ನೆರಡಾಗಿತ್ತು. ನಾಲ್ಕು ಗಂಟೆ ಓಡಿಸಿದ್ದಕ್ಕೆ ಅದು ಕೊಟ್ಟ ಬೆಲೆ ಅದು. ನಮ್ಮ ಕೈಗೆ ಬಂದದ್ದು ಏನೂ ಇಲ್ಲ.

ಅಷ್ಟರಲ್ಲಿ ಖಜಾಂಚಿಗಳು ಬಂದರು. ಆದದ್ದು ಹೇಳಿದೆ. ಅವರು ಇನ್ನೊಂದು ಪೆಟ್ಟಿಗೆಯ ಕಡೆ ನೋಡಿದರು.

“ಒಂದು ಕೆಟ್ಟಿರಬಹುದು. ಇನ್ನೊಂದಿದೆಯಲ್ಲ. ಅದಕ್ಕೆ ಹಾಕಿ. ಹಳೇದು ಇನ್ನೂ ಓಡ್ತಿರೋವಾಗಲೇ ತೆಗೆದುಕೊಂಡ್ಬಿಡಬೇಕಲ್ವಾ?”

ಆ ಮಾತಿನಲ್ಲಿ ನ್ಯಾಯವಿತ್ತು. ಎರಡನೆಯ ಪೆಟ್ಟಿಗೆ ಕೈಯಳತೆಯಲ್ಲೇ ಇತ್ತು. ಈಗ ಸಂಖ್ಯಾಶಾಸ್ತ್ರವೊಂದನ್ನೇ ಆರಿಸಿ ಹಾಕಬಹುದು. ಏನೂ ಇಲ್ಲದ್ದಕ್ಕಿಂತ ವಾಸಿಯಲ್ಲವೇ? ಕಂಪ್ಯೂಟರಿನೊಳಗೆ ಜಾಗವಿರಲಿಲ್ಲ, ಇದ್ದ ಪೆನ್ ಡ್ರೈವ್‌ಗಳು ಮಕ್ಕಳಿಗೆ ಕೊಡುವ ಚಿಕ್ಕವು. ನಾನು ಪೆಟ್ಟಿಗೆ ಬಿಚ್ಚಿ ತಂತಿಯನ್ನು ಕೈಗೂ ತೆಗೆದುಕೊಂಡೆ. ಆಗ ಹಳೇ ಡಿಸ್ಕು ಹೊಸ ಬಗೆಯ ಸದ್ದು ಮಾಡಿತು, ಉಗುರಿನಿಂದ ಸ್ಲೇಟು ಗೀರಿದ ಹಾಗೆ. ಪರದೆ ಅರ್ಧ ನಿಮಿಷ ಸ್ತಬ್ಧವಾಗಿ ಮತ್ತೆ ಬಂತು.

ಇದಕ್ಕೆ ಓದುವ ಶಕ್ತಿ ಇನ್ನು ಎಷ್ಟು ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ಉಳಿದದ್ದನ್ನು ನಂಬಿಕೆಯಿಲ್ಲದ ಜಾಗಕ್ಕೆ ಸುರಿದರೆ ಮತ್ತೆ ಓದಲು ಇದು ಇರುವುದಿಲ್ಲ. ಇಷ್ಟು ಸ್ಪಷ್ಟವಾಗಿ ಆಗ ಯೋಚಿಸಿದೆನೋ ಇಲ್ಲವೋ. ಎರಡನೇ ಪೆಟ್ಟಿಗೆ ಕೆಳಗಿಟ್ಟು, ಹಳೇ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ, ಕರೆಂಟು ತೆಗೆದೆ.

“ಯಾಕಮ್ಮಾ ಆಫ್ ಮಾಡಿದ್ರಿ? ಮತ್ತೆ ಆನ್ ಆಗದೇ ಹೋದ್ರೆ?”

“ಆಗದೇ ಇರಬಹುದು ಸರ್. ಆದ್ರೆ ಇವಕ್ಕೆ ಹಾಕಲ್ಲ. ಒಳ್ಳೇದು ಸಿಗೋವರೆಗೆ ಇದು ತಣ್ಣಗೆ ಕೂತಿರ್ಲಿ.”

ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಮರುದಿನ ಭಾನುವಾರ, ಕಂಪ್ಯೂಟರ್ ಅಂಗಡಿಗಳಿಗೆ ರಜೆ. ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತರೂ ಆ ಗೀರುವ ಸದ್ದು ಕಿವಿಯಲ್ಲಿತ್ತು. ನಾನು ಉಳಿಸಿದೆನೋ, ಕೊಂದೆನೋ ಎಂದು ತಿಳಿಯುವಂತಿರಲಿಲ್ಲ.

ಸೋಮವಾರ ಖಜಾಂಚಿಗಳೂ ನಾನೂ ಆಟೋದಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆವು. ಅರ್ಧ ಬೆಲೆಯ ಎರಡೂ ಡಿಸ್ಕುಗಳು ಅವರ ಮಡಿಲಲ್ಲಿದ್ದವು. ಒಬ್ಬ ಸ್ವಯಂಸೇವಕರು ಹೇಳಿದ್ದ ಅಂಗಡಿ, ಹತ್ತಡಿ ಅಗಲವೂ ಇಲ್ಲ. ಹಣೆಯಲ್ಲಿ ವಿಭೂತಿ ಇಟ್ಟಿದ್ದ ಯಜಮಾನರು ಡಿಸ್ಕನ್ನು ತಿರುಗಿಸಿ ನೋಡಿ, ಸ್ಕ್ರೂಡ್ರೈವರ್ ತೆಗೆದುಕೊಂಡರು. ಹೊರಗಿನ ಪ್ಲಾಸ್ಟಿಕ್ ಎರಡು ಹೋಳಾಯಿತು. ಒಳಗಿದ್ದ ಡಿಸ್ಕಿನ ಮೈಮೇಲೆ ಹಳೇ ಚೀಟಿ ಕಿತ್ತ ಗುರುತು, ಅಂಟಿನ ಮೇಲೆ ಧೂಳು. ಅದನ್ನು ತಮ್ಮ ಕಂಪ್ಯೂಟರಿಗೆ ನೇರವಾಗಿ ಜೋಡಿಸಿ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

“ಇದು ಎಷ್ಟು ಗಂಟೆ ಓಡಿದೆ ಅಂತ ಡಿಸ್ಕೇ ಬರ್ಕೊಂಡಿರುತ್ತೆ ಯಜಮಾನ್ರೇ. ಓದಿ.”

ಖಜಾಂಚಿಗಳು ಕನ್ನಡಕ ಸರಿ ಮಾಡಿಕೊಂಡು ಓದಿದರು. ಮೂವತ್ತೊಂದು ಸಾವಿರ ಚಿಲ್ಲರೆ.

“ಅಂದ್ರೆ ಹಗಲೂ ರಾತ್ರಿ ಮೂರೂವರೆ ವರ್ಷ. ಯಾವುದೋ ಸಿಸಿಟಿವಿಗೆ ಹಾಕಿದ್ದು. ಕಿತ್ತು, ಒರೆಸಿ, ಹೊಸ ಅಂಗಿ ಹಾಕಿದಾರೆ.”

ಎರಡನೆಯದನ್ನೂ ಬಿಚ್ಚಿದರು. ಅದು ಇನ್ನೂ ಹೆಚ್ಚು ಓಡಿತ್ತು. ಖಜಾಂಚಿಗಳು ಸ್ಟೂಲಿನ ಮೇಲೆ ಕೂತರು.

“ಬ್ಯಾಂಕಲ್ಲಿ ಖೋಟಾ ನೋಟನ್ನ ಕೈಲಿ ಮುಟ್ಟಿದ್ರೆ ಹೇಳ್ತಿದ್ದೆ ನಾನು,” ಎಂದರು. ಯಾರಿಗೆ ಹೇಳಿದರೋ. ನಾನು, “ನನಗೂ ಅನುಮಾನ ಬಂದಿತ್ತು ಸರ್, ನಾನೂ ಹೇಳಲಿಲ್ಲ,” ಎಂದೆ. ಅವರು ನನ್ನ ಕಡೆ ನೋಡಿದರು.

ಯಜಮಾನರು ಗಾಜಿನ ಮೇಲೆ ಮೂರು ಪೆಟ್ಟಿಗೆ ಇಟ್ಟರು. ಒಂದು ಅಗ್ಗದ್ದು, ಒಂದು ನಡುವಿನದು, ಒಂದು ಬಹಳ ದುಬಾರಿ: ರಬ್ಬರಿನ ಕವಚ, ಒಳಗೆ ತಿರುಗುವ ತಟ್ಟೆಯೇ ಇಲ್ಲ, ಎರಡನೇ ಮಹಡಿಯಿಂದ ಬಿದ್ದರೂ ಏನೂ ಆಗದಂತೆ. ಎರಡು ದಿನದ ಭಯದಲ್ಲಿದ್ದ ನನ್ನ ಕೈ ನೇರವಾಗಿ ಅದರ ಮೇಲೆ ಹೋಯಿತು. ಖಜಾಂಚಿಗಳೂ ತಡೆಯಲಿಲ್ಲ. “ಅದೇ ತಗೊಳ್ಳಿ, ಒಂದೇ ಆದ್ರೂ ಪರವಾಗಿಲ್ಲ,” ಎಂದರು.

ಯಜಮಾನರು ಕೇಳಿದರು: “ಮೇಡಂ, ಇದನ್ನ ಎತ್ಕೊಂಡು ಓಡಾಡ್ತೀರಾ?”

“ಇಲ್ಲ. ಬೀರುವಲ್ಲಿ ಇರತ್ತೆ.”

“ವೀಡಿಯೋ ಎಡಿಟಿಂಗ್ ಏನಾದ್ರೂ? ಸ್ಪೀಡ್ ಬೇಕಾ?”

“ಇಲ್ಲ. ದನಿ ಮಾತ್ರ.”

“ಮತ್ತೆ ಬೀಳದೇ ಇರೋದಕ್ಕೆ, ಓಡದೇ ಇರೋದಕ್ಕೆ ಯಾಕೆ ಅಷ್ಟು ಕೊಡ್ತೀರಾ? ಈ ಜಾತಿದನ್ನ ತಿಂಗಳುಗಟ್ಟಲೆ ಕರೆಂಟಿಲ್ಲದೆ ಬೀರುವಲ್ಲಿಡೋದು ನಂಗಂತೂ ಅಷ್ಟು ಸರಿ ಕಾಣಲ್ಲ.”

“ಎಲ್ಲದಕ್ಕಿಂತ ಒಳ್ಳೇದು ಬೇಕಿತ್ತು,” ಎಂದೆ.

“ಒಳ್ಳೇದು ಅಂದ್ರೆ ನಿಮ್ಮ ಕೆಲಸಕ್ಕೆ ಒಳ್ಳೇದು. ಎಲ್ಲಾ ಡಿಸ್ಕೂ ಒಂದಿನ ಹೋಗುತ್ತೆ ಮೇಡಂ. ಇದೂ ಹೋಗುತ್ತೆ. ವಾರಂಟಿ ಇದ್ರೆ ಹೊಸ ಡಿಸ್ಕ್ ಕೊಡ್ತಾರೆ, ನಿಮ್ಮ ಫೈಲ್ ಕೊಡಲ್ಲ. ಅದಕ್ಕೆ ನಡುವಿನದು ಎರಡು ತಗೊಳ್ಳಿ, ಎರಡು ಬೇರೆಬೇರೆ ಕಂಪನಿದು. ಒಂದು ಆಫೀಸಲ್ಲಿ, ಒಂದು ಬೇರೆಯವರ ಮನೇಲಿ.”

ಅಗ್ಗದ ಪೆಟ್ಟಿಗೆಯನ್ನು ಅವರೇ ಒಳಗಿಟ್ಟರು. ಅದೂ ಅಸಲಿಯೇ, ಆದರೆ ಹಿಂದಕ್ಕೆ ಬರುವುದು ಅದೇ ಜಾಸ್ತಿ ಎಂದರು. ನನಗೆ ದುಬಾರಿಯದರಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಶುಕ್ರವಾರ ಕಡಿಮೆ ಬೆಲೆಗೆ ಧೈರ್ಯ ಕೊಂಡಿದ್ದೆವು, ಸೋಮವಾರ ಹೆಚ್ಚು ಬೆಲೆಗೆ ಅದನ್ನೇ ಕೊಳ್ಳಲು ಹೊರಟಿದ್ದೆ. ಕೊನೆಗೆ ನಡುವಿನವು ಎರಡನ್ನು ತೆಗೆದುಕೊಂಡೆವು. ಅಲ್ಲೇ ಇಬ್ಬರ ಎದುರಿಗೆ ಎರಡನ್ನೂ ಜೋಡಿಸಿ, ಓಡಿದ ಗಂಟೆ ಸೊನ್ನೆ ಎಂದು ನೋಡಿಕೊಂಡೇ ಹೊರಟೆವು.

ಹೊರಡುವಾಗ ಸಾಯುತ್ತಿರುವ ಡಿಸ್ಕಿನ ಬಗ್ಗೆ ಕೇಳಿದೆ. ಕೆಟ್ಟ ಡಿಸ್ಕು ಬಿಚ್ಚಿ ಮಾಹಿತಿ ತೆಗೆಯುವವರು ಇದ್ದಾರೆ, ಆದರೆ ಅದು ನಿಮ್ಮ ಸಂಸ್ಥೆಯ ಕೈಗೆಟಕುವ ಮಾತಲ್ಲ, ಸಿಗುವ ಖಾತ್ರಿಯೂ ಇಲ್ಲ ಎಂದರು. “ಫ್ಯಾನ್ ಗಾಳಿ ಬಿಡಿ. ಬೇಕಾಗಿದ್ದನ್ನ ಮೊದಲು ತೆಗೀರಿ. ಓದದೇ ಇರೋ ಫೈಲ್ ಜೊತೆ ಜಗಳಕ್ಕೆ ನಿಲ್ಲಬೇಡಿ, ಬಿಟ್ಟು ಮುಂದೆ ಹೋಗಿ.”

ಬೇಕಾದದ್ದು ಮೊದಲು. ಯಾವುದು ಮೊದಲು? ಮಂಗಳವಾರ ಬೆಳಿಗ್ಗೆ ಮಿಸ್ಸನ್ನು ಕರೆಸಿದೆ. ಉಳಿದ ಹನ್ನೆರಡರಲ್ಲಿ ನಾಲ್ಕು ಅವರೇ ಓದಿದ್ದವು. ನಾನು ರಾತ್ರಿ ಮನೆಯಲ್ಲಿ ಪಟ್ಟಿ ಬರೆದುಕೊಂಡು ಬಂದಿದ್ದೆ. ಅದರಲ್ಲಿ ಮೊದಲನೆಯದು ಸಂಖ್ಯಾಶಾಸ್ತ್ರವಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ವಾರ ಅವರು ಓದಿದ ಒಂದು ಕಥಾಸಂಕಲನ. ಅದು ಅವರು ಮೈಕಿನ ಮುಂದೆ ಕೂತ ಕೊನೆಯ ಸಲ. ಏಳು ಗಂಟೆಯಷ್ಟೇ, ಬೇಗ ಮುಗಿಯುತ್ತದೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡಿದ್ದೆ.

ಮಿಸ್ ಪಟ್ಟಿ ನೋಡಿದರು. ಪೆನ್ನು ತೆಗೆದು ಕಥಾಸಂಕಲನವನ್ನು ಹೊಡೆದುಹಾಕಿ, ಹನ್ನೆರಡನೆಯದಾಗಿ ಕೆಳಗೆ ಬರೆದರು. ಸಂಖ್ಯಾಶಾಸ್ತ್ರಕ್ಕೆ ಒಂದು ಎಂದು ಹಾಕಿದರು.

“ಮಿಸ್, ನಿಮ್ಮ ದನಿ ಅದು,” ಎಂದೆ.

ಅವರು ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. ‘ಕಥೆ ಯಾರು ಬೇಕಾದ್ರೂ ಓದ್ತಾರೆ. ಗ್ರಾಫ್ ಯಾರೂ ಓದಲ್ಲ.’ ಆಮೇಲೆ ಕೆಳಗೆ ಇನ್ನೊಂದು ಸಾಲು: ‘ಗ್ರಾಫಲ್ಲಿರೋದೂ ನನ್ನ ದನಿಯೇ.’

ಹಳೇ ಡಿಸ್ಕನ್ನು ಟೇಬಲ್ ಫ್ಯಾನಿನ ಮುಂದೆ ಎರಡು ಪುಸ್ತಕಗಳ ಮೇಲೆ ಎತ್ತರಿಸಿಟ್ಟು ಕರೆಂಟು ಕೊಟ್ಟೆ. ತಿರುಗಿತು. ಪರದೆಯ ಮೇಲೆ ಬರಲಿಲ್ಲ. ಒಂದು ನಿಮಿಷ, ಎರಡು. ಖಜಾಂಚಿಗಳು ಬಾಗಿಲಲ್ಲಿ ನಿಂತಿದ್ದರು. ಶನಿವಾರ ಆಫ್ ಮಾಡಿದವಳು ನಾನು. ಸುಮಾರು ಹತ್ತು ನಿಮಿಷಕ್ಕೆ ಡಿಸ್ಕಿನ ಹೆಸರು ಪರದೆಯ ಮೇಲೆ ಮೂಡಿತು.

ಸಂಖ್ಯಾಶಾಸ್ತ್ರದಲ್ಲಿ ಇನ್ನೂರ ಹದಿನಾಲ್ಕು ಫೈಲುಗಳು. ಸರಿಯಿರುವ ಡಿಸ್ಕಾದರೆ ಹತ್ತು ನಿಮಿಷದ ಕೆಲಸ. ಇದು ತೆವಳಿತು. ಒಂದು ಫೈಲು ಸಲೀಸಾಗಿ ಬಂದರೆ ಇನ್ನೊಂದಕ್ಕೆ ಐದು ನಿಮಿಷ. ಓದದೆ ನಿಂತದ್ದನ್ನು ಬಿಟ್ಟು ಮುಂದೆ ಹೋಗುವಂತೆ ಮಾಡಿದ್ದೆ. ಹಾಗೆ ಬಿಡುವುದು ಎಷ್ಟು ಕಷ್ಟ ಎಂದರೆ, ಪ್ರತಿ ಸಲವೂ ಇನ್ನೊಮ್ಮೆ ಪ್ರಯತ್ನಿಸು ಎಂದು ಕೈ ಹೋಗುತ್ತಿತ್ತು. ಮಿಸ್ ನನ್ನ ಪಕ್ಕ ಕೂತು, ಬಂದ ಫೈಲಿನ ಸಂಖ್ಯೆಗೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದರು, ಹಾಜರಿ ತೆಗೆದುಕೊಳ್ಳುವ ಹಾಗೆ. ಮಧ್ಯಾಹ್ನ ಎರಡಕ್ಕೆ ಇನ್ನೂರ ಒಂಬತ್ತು ಬಂದಿದ್ದವು. ಐದು ಬಿಟ್ಟುಹೋಗಿದ್ದವು. ಡಿಸ್ಕಿಗೆ ಒಂದು ಗಂಟೆ ವಿರಾಮ ಕೊಟ್ಟು, ಆ ಐದನ್ನು ಮಾತ್ರ ಕೇಳಿದೆ. ನಾಲ್ಕು ಬಂದವು. ಐದನೆಯದು, ಒಂಬತ್ತನೇ ಅಧ್ಯಾಯದ ಅಭ್ಯಾಸದ ಪ್ರಶ್ನೆಗಳು, ಬರಲೇ ಇಲ್ಲ. ಮಿಸ್ ಪರವಾಗಿಲ್ಲ ಎಂಬಂತೆ ಕೈಯಾಡಿಸಿದರು. ಅದರಲ್ಲಿ ನಕ್ಷೆ ಇರಲಿಲ್ಲ.

ಬಂದದ್ದೆಲ್ಲದರ ಗುರುತಿನ ಸಂಖ್ಯೆ ಹೊಂದಿತು. ಒಂದು ಹೊಸ ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಹಾಕಿ, ಅದೂ ಹೊಂದುವುದನ್ನು ನೋಡಿದ ಮೇಲೆ ಉಳಿದ ಪುಸ್ತಕಗಳಿಗೆ ಕೈಹಾಕಿದೆ. ಸಂಜೆ ಆರಕ್ಕೆ ನಿಲ್ಲಿಸಿದೆ. ನಮ್ಮ ಬೀದಿಯಲ್ಲಿ ಕರೆಂಟು ಹೋಗಿಬರುವುದುಂಟು, ಯಾರೂ ಇಲ್ಲದಾಗ ಅದನ್ನು ಓಡಿಸುವ ಧೈರ್ಯವಿರಲಿಲ್ಲ. ಬುಧವಾರ ಮತ್ತೆ ಶುರು. ಅರ್ಥಶಾಸ್ತ್ರ, ಇತಿಹಾಸ, ಎರಡು ವ್ಯಾಕರಣ, ಹೀಗೆ ಸಂಖ್ಯಾಶಾಸ್ತ್ರವೂ ಸೇರಿ ಒಂಬತ್ತು ಪುಸ್ತಕಗಳು ಬಂದವು. ಹತ್ತನೆಯದರ ನಡುವೆ, ಹನ್ನೆರಡು ಗಂಟೆಯ ಹೊತ್ತಿಗೆ, ಆ ಗೀರುವ ಸದ್ದು ಬಂತು. ಈ ಸಲ ನಿಲ್ಲಲಿಲ್ಲ. ನಾನು ಕರೆಂಟು ತೆಗೆದೆ. ಸಂಜೆ ಕೊಟ್ಟೆ, ಮರುದಿನ ಕೊಟ್ಟೆ. ಅದು ಮತ್ತೆ ತಿರುಗಲಿಲ್ಲ.

ಮೂರು ಪುಸ್ತಕ ಹೋದವು. ಕಥಾಸಂಕಲನ ಅದರಲ್ಲೊಂದು. ಶನಿವಾರದ ಆ ನಾಲ್ಕು ಗಂಟೆ ನನ್ನ ಬಳಿ ಉಳಿದಿದ್ದರೆ ಮೂರೂ ಬರುತ್ತಿದ್ದವು ಎಂದು ಈಗಲೂ ಅನಿಸುತ್ತದೆ. ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಖಜಾಂಚಿಗಳು ಸಭೆಯಲ್ಲಿ ಎದ್ದು, ತಪ್ಪು ತಮ್ಮದೆಂದು ಎರಡೇ ವಾಕ್ಯದಲ್ಲಿ ಹೇಳಿ ಕೂತರು. ನಾನು ಎದ್ದು, ನನ್ನದೂ ಎಂದೆ. ಎರಡನೇ ಡಿಸ್ಕನ್ನು ಅಂದಿನಿಂದ ಅವರೇ ತಮ್ಮ ಮನೆಯಲ್ಲಿಟ್ಟುಕೊಂಡಿದ್ದಾರೆ. ತಿಂಗಳ ಮೊದಲ ವಾರ ತಪ್ಪದೆ ತಂದುಕೊಡುತ್ತಾರೆ, ಹೊಸದನ್ನು ಸೇರಿಸಿ ವಾಪಸ್ ಕಳಿಸುತ್ತೇನೆ.

ಗುರುತಿನ ಸಂಖ್ಯೆ ಹೊಂದಿತೆಂದರೆ ಫೈಲು ಬದಲಾಗಿಲ್ಲ ಎಂದಷ್ಟೇ ಅರ್ಥ. ಅದು ಮೊದಲೇ ಸರಿಯಿತ್ತೇ ಎಂದು ಕಿವಿಯೇ ಹೇಳಬೇಕು. ಗುರುವಾರದಿಂದ ಮಿಸ್ ದಿನವೂ ಬಂದು, ಹೆಡ್‌ಫೋನ್ ಹಾಕಿಕೊಂಡು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಕೇಳಿದರು. ಅರ್ಧವನ್ನು ಅವರು, ಅರ್ಧವನ್ನು ನಾನು. ತಮ್ಮ ದನಿಯನ್ನು ಆರು ತಿಂಗಳ ಮೇಲೆ ಕೇಳುವಾಗ ಅವರ ಮುಖ ಹೇಗಿರುತ್ತದೋ ಎಂದು ನಾನು ಕದ್ದು ನೋಡಿದೆ. ಉತ್ತರಪತ್ರಿಕೆ ತಿದ್ದುವ ಮುಖ. ಆರನೇ ದಿನ ಅವರು ಮೇಜು ತಟ್ಟಿ ಕರೆದರು. ನೋಟ್‌ಬುಕ್ಕಿನಲ್ಲಿ ಬರೆದಿತ್ತು: ‘ಅಧ್ಯಾಯ ಏಳು. ತಪ್ಪಿದೆ. ಡಿಸ್ಕಿನದಲ್ಲ, ನನ್ನದು.’

ಕೇಳಿದೆ. ಸಂಚಿತ ಆವೃತ್ತಿಯ, ಅಂದರೆ ಕೂಡುತ್ತಾ ಹೋಗುವ ಎಣಿಕೆಯ, ನಕ್ಷೆಯ ವಿವರಣೆ. “ಬೆರಳನ್ನು ಎಡತುದಿಯಲ್ಲಿಡಿ. ಬಲಕ್ಕೆ ಹೋದಂತೆ ರೇಖೆ ಇಳಿಯುತ್ತಾ ಹೋಗುತ್ತದೆ,” ಎನ್ನುತ್ತಿತ್ತು ಮಿಸ್‌ನ ತುಂಬು ದನಿ. ಪುಸ್ತಕದ ರೇಖೆ ಏರುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಒಂದು ಪದ. ಆ ದಿನ ಗಾಜಿನ ಈಚೆ ಕೂತಿದ್ದ ನಾನೂ ಗಮನಿಸಿರಲಿಲ್ಲ. ನೋಡಲಾರದವಳು ಅದನ್ನು ನಂಬಿ ಪರೀಕ್ಷೆಯಲ್ಲಿ ತನ್ನ ಪರವಾಗಿ ಬರೆಯುವವರಿಂದ ತಿರುಗಾಮುರುಗಾ ಬರೆಸುತ್ತಿದ್ದಳು.

“ಬೇರೆ ಅಧ್ಯಾಯದಲ್ಲಿ ‘ಏರುತ್ತಾ’ ಅಂತ ಎಲ್ಲಾದ್ರೂ ಅಂದಿರ್ತೀರಿ ಮಿಸ್. ಅದನ್ನ ಕತ್ತರಿಸಿ ಇಲ್ಲಿ ಅಂಟಿಸ್ತೀನಿ, ಗೊತ್ತೇ ಆಗಲ್ಲ,” ಎಂದೆ. ನನಗೆ ಅದು ಕಷ್ಟದ ಕೆಲಸವಲ್ಲ.

ಅವರು ಬೇಡವೆಂದು ತಲೆಯಾಡಿಸಿದರು. ‘ಗೊತ್ತಾಗ್ಲಿ. ತಿದ್ದಿದೆ ಅಂತ ಗೊತ್ತಾದ್ರೆ ನಂಬ್ತಾರೆ. ನೀನು ಓದು.’

ಹನ್ನೊಂದು ವರ್ಷದಲ್ಲಿ ನಾನು ಒಂದು ಸಲವೂ ಮೈಕಿನ ಮುಂದೆ ಕೂತಿರಲಿಲ್ಲ. ಮಿಸ್ ಗಾಜಿನ ಈಚೆ ನನ್ನ ಕುರ್ಚಿಯಲ್ಲಿ ಕೂತರು, ಯಾವ ಗುಂಡಿ ಒತ್ತಬೇಕೆಂದು ತೋರಿಸಿದ್ದೆ. ‘ಬಲಕ್ಕೆ ಹೋದಂತೆ ರೇಖೆ ಏರುತ್ತಾ ಹೋಗುತ್ತದೆ’ ಎಂಬ ಆ ಒಂದು ವಾಕ್ಯವನ್ನು ಮೊದಲ ಸಲ ಓದಿದೆ. ಅವರು ಬೆರಳು ಸುತ್ತಿ ಮತ್ತೊಮ್ಮೆ ಎಂದರು. ಬೇಗ ಓದಿದ್ದೆ. ಎರಡನೇ ಸಲವೂ ಮತ್ತೊಮ್ಮೆ. ಮೂರನೇ ಸಲ ಅವರು ಕಣ್ಣುಮುಚ್ಚಿ ಕೇಳಿ, ಸರಿ ಎಂದು ತಲೆಯಾಡಿಸಿದರು.

ಪರೀಕ್ಷೆಗೆ ಐದು ದಿನ ಇರುವಾಗ ಹುಡುಗಿ ಕಾರ್ಡು ತೆಗೆದುಕೊಳ್ಳಲು ಬಂದಳು. ತಡವಾಯಿತೆಂದೆ. ಪರವಾಗಿಲ್ಲ ಅಕ್ಕಾ ಎಂದು ಫೋನಿಗೆ ಹಾಕಿಸಿಕೊಂಡು, ಇಲ್ಲೇ ಸ್ವಲ್ಪ ಕೇಳ್ತೀನಿ, ಏಳನೇದು ಕಷ್ಟ ಅಂತಾರೆ ಎಂದಳು. ಇಯರ್‌ಫೋನ್ ಹಾಕಿಕೊಂಡು ಮೇಜಿನ ಮುಂದೆ ಕೂತಳು. ಎದುರಿಗೆ ಮಿಸ್ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಮಿಸ್ ಹೇಳುವಂತಿರಲಿಲ್ಲ, ನಾನು ಹೇಳಹೊರಟಾಗ ಕೈ ತೋರಿಸಿ ತಡೆದರು.

ಸ್ವಲ್ಪ ಹೊತ್ತಿಗೆ ಹುಡುಗಿ ತನ್ನ ತೋರುಬೆರಳನ್ನು ಮೇಜಿನ ಎಡತುದಿಯಲ್ಲಿಟ್ಟಳು. ಒಂದು ಕ್ಷಣ ಹುಬ್ಬು ಮೇಲೇರಿತು, ದನಿ ಬದಲಾದದ್ದು ತಿಳಿದಿರಬೇಕು. ಬೆರಳು ನಿಂತಿತು. ಆಮೇಲೆ ಮೇಜಿನ ಮೇಲೆ ನಿಧಾನವಾಗಿ, ಬಲಕ್ಕೆ, ಮೇಲಕ್ಕೆ ಹೊರಟಿತು.